ರಾತ್ರಿ ಮೂರೂವರೆಗೆ ನಮ್ಮನೆ ಕಂಪ್ಯೂಟರ್ ಆನ್ ಮಾಡಿದ್ದು ಯಾರು?

ಮೊನ್ನೆ ಸುಮ್ನೆ ಕೂತಿದ್ದಾಗ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆಗೆದು ‘ಲಾಸ್ಟ್ ರೀಬೂಟ್’ ಅಂತ ಹೊಡೆದೆ. ಕಂಪ್ಯೂಟರ್ ಯಾವಾಗ್ಯಾವಾಗ ಎದ್ದಿದೆ ಅಂತ ಪಟ್ಟಿ ಕೊಡುವ ಕಮಾಂಡ್ ಅದು. ಹೊಡೆಯಬಾರದಿತ್ತು. ನಮ್ಮನೆಯ ಡೆಬಿಯನ್ 12 (ಲಿನಕ್ಸ್‌ನ ಒಂದು ಬಗೆ) ಡೆಸ್ಕ್‌ಟಾಪ್ ಒಂದೇ ತಿಂಗಳಲ್ಲಿ 6 ಸಲ ರಾತ್ರಿ ಮೂರು, ಮೂರೂವರೆಗೆ ರೀಬೂಟ್ ಆಗಿದೆ ಅಂತ ಪಟ್ಟಿ ಬಂತು. ಆ ಹೊತ್ತಿಗೆ ನಮ್ಮೂರು ಸಾಗರದಲ್ಲಿ ಎದ್ದಿರುವುದು ಮಳೆ ಒಂದೇ.

ಪಟ್ಟಿಯ ಫೋಟೊ ತೆಗೆದು ಕಂಪ್ಯೂಟರ್ ಬಲ್ಲ ಗೆಳೆಯನಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು. “ಮಾರಾಯ, ಮೊದಲನೇ ಕಾಲಂ ನೋಡು. ‘ರೀಬೂಟ್’ ಅಂತ ಯೂಸರ್ ಇದ್ದಾನೆ. ಯಾರೋ ಒಳಗೆ ನುಗ್ಗಿ ಅಕೌಂಟ್ ಮಾಡಿಕೊಂಡಿದ್ದಾರೆ. ಫಾರ್ಮ್ಯಾಟ್ ಹೊಡಿ.”

ಈ ‘ಫಾರ್ಮ್ಯಾಟ್ ಹೊಡಿ’ ಅನ್ನುವ ಮಾತಿನ ಮೇಲೆ ನನಗೆ ಹಳೇ ಸಿಟ್ಟು. ಮನೆಗೆ ಕಳ್ಳ ಬಂದಿದ್ದ ಅಂದ ತಕ್ಷಣ ನೆಲ ಗುಡಿಸಿ ಸಾರಿಸಿದ ಹಾಗೆ ಅದು. ಹೆಜ್ಜೆ ಗುರುತೂ ಹೋಯ್ತು. ಲಿನಕ್ಸ್ ಪಾಪ ಎಲ್ಲವನ್ನೂ ಬರೆದಿಟ್ಟುಕೊಂಡಿರುತ್ತದೆ. ಓದುವ ತಾಳ್ಮೆ ನಮಗಿಲ್ಲ ಅಷ್ಟೇ.

‘ರೀಬೂಟ್’ ಅನ್ನುವುದು ಯೂಸರ್ ಅಲ್ಲ. ಹೆಸರಿನ ಜಾಗದಲ್ಲಿ ತುಂಬಿಸುವ ಒಂದು ಪದ. ಅದರ ಅರ್ಥ ‘ರೀಸ್ಟಾರ್ಟ್ ಆಯಿತು’ ಅಂತಲೂ ಅಲ್ಲ. ಕಂಪ್ಯೂಟರ್ ಎದ್ದಾಗಲೆಲ್ಲ ಆ ಸಾಲು ಬೀಳುತ್ತದೆ. ಮೂರು ದಿನ ಊರಿಗೆ ಹೋಗಿ ಬಂದು ಬಟನ್ ಒತ್ತಿದರೂ ‘ರೀಬೂಟ್’ ಅಂತಲೇ ಬರುತ್ತದೆ. ಯಾಕೆ ಮಲಗಿತ್ತು ಅನ್ನುವುದು ಆ ಸಾಲಿನಲ್ಲಿ ಇಲ್ಲ. ನನ್ನ ಪ್ರಕಾರ ಇಲ್ಲಿ ಅರ್ಧ ತಪ್ಪು ಈ ಹೆಸರಿಟ್ಟವರದ್ದು. ಇದನ್ನು ನೋಡಿ ಹೆದರಿದವನು ನಾನೊಬ್ಬನೇ ಅಲ್ಲ ಅಂತ ಧಾರಾಳವಾಗಿ ಹೇಳಬಹುದು.



ಸರಿ, ಎದ್ದಿದ್ದು ಅಂತಲೇ ಇಟ್ಟುಕೊಳ್ಳೋಣ. ಮೂರೂವರೆಗೆ ಎಬ್ಬಿಸಿದ್ದು ಯಾರು? ಈ ಸಲ ‘ಲಾಸ್ಟ್ -ಎಕ್ಸ್’ ಹೊಡೆದೆ. ಇದರಲ್ಲಿ ಶಟ್‌ಡೌನ್ ಸಾಲುಗಳೂ ಬರುತ್ತವೆ. ಹೊಸ ಸಾಲು ಮೇಲಿರುವುದರಿಂದ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಗುರುವಾರ ಬೆಳಗಿನ ಜಾವ 3.34ಕ್ಕೆ ರೀಬೂಟ್. ಅದರ ಮೇಲೆ ನನ್ನ ಲಾಗಿನ್, ಬುಧವಾರ ರಾತ್ರಿ 10.06. ಅದರ ಮೇಲೆ ಶಟ್‌ಡೌನ್, ಬುಧವಾರ ರಾತ್ರಿ 11.15. ಅಂದರೆ ಕಂಪ್ಯೂಟರ್ ಆನ್ ಆಗುವ ಐದೂವರೆ ಗಂಟೆ ಮೊದಲೇ ನಾನು ಅದರಲ್ಲಿ ಲಾಗಿನ್ ಆಗಿದ್ದೆ!

ಐದೂವರೆ ಗಂಟೆ. ಈ ಲೆಕ್ಕ ಕಂಡ ಮೇಲೆ ನಗು ಬಂತು. ಲಂಡನ್ನಿನ ಗ್ರೀನಿಚ್ ಸಮಯಕ್ಕೂ ನಮ್ಮ ಸಮಯಕ್ಕೂ ಇರುವ ವ್ಯತ್ಯಾಸ ಅಷ್ಟೇ ಅಲ್ವಾ?

ಮಗನ ಗೇಮ್‌ಗಳಿಗಾಗಿ ಇನ್ನೊಂದು ಎಸ್‌ಎಸ್‌ಡಿ ಹಾಕಿ ಅದರಲ್ಲಿ ವಿಂಡೋಸ್ ಇಟ್ಟಿದ್ದೇವೆ. ಮದರ್‌ಬೋರ್ಡ್ ಮೇಲೆ ಪುಟ್ಟ ಗಡಿಯಾರ ಒಂದಿದೆ. ಕರೆಂಟ್ ಇಲ್ಲದಿದ್ದರೂ ಅದು ಸೆಲ್ ಮೇಲೆ ನಡೆಯುತ್ತಿರುತ್ತದೆ. ವಿಂಡೋಸ್ ಅದರಲ್ಲಿ ಇಲ್ಲಿನ ಸಮಯ ಇಡುತ್ತದೆ. ಲಿನಕ್ಸ್ ಅದನ್ನು ಯುಟಿಸಿ (ಹೆಚ್ಚುಕಮ್ಮಿ ಅದೇ ಗ್ರೀನಿಚ್ ಸಮಯ) ಅಂದುಕೊಂಡು, ಅದಕ್ಕೆ ಐದೂವರೆ ಗಂಟೆ ಸೇರಿಸುತ್ತದೆ. ಮಗ ಹತ್ತು ಗಂಟೆವರೆಗೆ ಆಡಿ ಎದ್ದ ಮೇಲೆ ನಾನು ಲಿನಕ್ಸ್‌ಗೆ ಬರುತ್ತೇನೆ. ಗಡಿಯಾರ 10.04 ಅನ್ನುತ್ತದೆ, ಲಿನಕ್ಸ್ 3.34 ಅಂತ ಬರೆದುಕೊಳ್ಳುತ್ತದೆ. ಲ್ಯಾನ್ ಕೇಬಲ್ ಇರುವುದರಿಂದ ಕೆಲವೇ ಕ್ಷಣದಲ್ಲಿ ಇಂಟರ್ನೆಟ್‌ನಿಂದ ಸರಿಯಾದ ಸಮಯ ಸಿಗುತ್ತದೆ. ಆದರೆ ಆ ಹೊತ್ತಿಗೆ ರೀಬೂಟ್ ಸಾಲು ಬಿದ್ದಾಗಿರುತ್ತದೆ. ಬರೆದದ್ದನ್ನು ಯಾರೂ ತಿದ್ದುವುದಿಲ್ಲ.

ಆಮೇಲೆ ಲಿನಕ್ಸ್ ತಾನು ತಿಳಿದುಕೊಂಡ ಸಮಯವನ್ನು 11 ನಿಮಿಷಕ್ಕೊಮ್ಮೆ ಆ ಗಡಿಯಾರಕ್ಕೂ ಬರೆಯುತ್ತದೆ, ಯುಟಿಸಿಯಲ್ಲಿ. ಮರುದಿನ ವಿಂಡೋಸ್ ತೆಗೆದರೆ ಐದೂವರೆ ಗಂಟೆ ಹಿಂದೆ! ಮಗ ಇದನ್ನು ಮೊದಲೇ ಹೇಳಿದ್ದ. “ಅಪ್ಪಾ, ಇದರಲ್ಲಿ ಟೈಮ್ ಯಾವಾಗಲೂ ತಪ್ಪು ತೋರಿಸ್ತಿದೆ” ಅಂದಾಗ ನಾನು ದೊಡ್ಡ ಪಂಡಿತನ ಹಾಗೆ “ಸೆಲ್ ವೀಕ್ ಆಗಿದೆ” ಅಂತ ಹೇಳಿ ಹೊಸ ಸಿಆರ್2032 ಹಾಕಿದ್ದೆ. ಅವನು ದಿನಾ ಸೆಟ್ಟಿಂಗ್ಸ್‌ಗೆ ಹೋಗಿ ಸರಿ ಮಾಡಿಕೊಳ್ಳುತ್ತಿದ್ದ. ರಾತ್ರಿ ನನ್ನ ಲಿನಕ್ಸ್ ಅದನ್ನು ಮತ್ತೆ ತಿರುಗಿಸುತ್ತಿತ್ತು. ಒಂದೇ ಗೋಡೆ ಗಡಿಯಾರಕ್ಕೆ ಅಪ್ಪ ಮಗ ಸರದಿ ಮೇಲೆ ಕೀಲಿ ಕೊಟ್ಟ ಹಾಗೆ. ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ (ಅದರ ಒಳಗಿನ ಸೆಟ್ಟಿಂಗ್‌ಗಳ ಪಟ್ಟಿ) ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಅಂತ ಸೇರಿಸಿ 1 ಕೊಟ್ಟೆ. ಗಡಿಯಾರದಲ್ಲಿರುವುದು ಯುಟಿಸಿ ಅಂತ ವಿಂಡೋಸ್‌ಗೂ ಹೇಳಿದ ಹಾಗೆ. ಜಗಳ ಮುಗೀತು.

ಆದರೆ ಪಟ್ಟಿಯಲ್ಲಿ ಇನ್ನೂ ಎರಡು ಸಾಲು ಉಳಿದಿದ್ದವು. ಎರಡೂ ಮಧ್ಯಾಹ್ನದ್ದು. ಅವಕ್ಕೆ ಐದೂವರೆಯ ಲೆಕ್ಕ ಕೂಡಲಿಲ್ಲ. ಅವುಗಳ ಹಿಂದೆ ಶಟ್‌ಡೌನ್ ಸಾಲೇ ಇಲ್ಲ. ನನ್ನ ಲಾಗಿನ್ ಪಕ್ಕ ‘ಕ್ರ್ಯಾಶ್’ ಅಂತ ಬೇರೆ ಇತ್ತು. ನಿಜವಾಗಿ ಹೆದರಬೇಕಾದದ್ದು ಇವಕ್ಕೆ. ನಾನು ಮೂರೂವರೆಯ ಗುಂಗಿನಲ್ಲಿ ಇವನ್ನು ನೋಡಿಯೇ ಇರಲಿಲ್ಲ.

ಇಂಥದ್ದಕ್ಕೆ ‘ಜರ್ನಲ್‌ಸಿಟಿಎಲ್ -ಬಿ -1 -ಇ’. ಹಿಂದಿನ ಸಲ ಎದ್ದಿದ್ದಾಗ ಲಿನಕ್ಸ್ ಬರೆದಿಟ್ಟ ಕೊನೆಯ ಸಾಲುಗಳನ್ನು ತೋರಿಸುತ್ತದೆ. ಹಿಂದಿನದಕ್ಕೂ ಹಿಂದಿನದು ಬೇಕಾದರೆ -2, -3 ಅಂತ ಹೋಗಬೇಕು. ನೆಟ್ಟಗೆ ಆಫ್ ಮಾಡಿದ್ದರೆ ಒಂದೊಂದೇ ಸರ್ವಿಸ್ ನಿಂತಿದ್ದು, ಡಿಸ್ಕ್ ಬಿಟ್ಟಿದ್ದು, ಎಲ್ಲ ಇರುತ್ತದೆ. ಇಲ್ಲಿ ಕೊನೇ ಸಾಲು 2.17ಕ್ಕೆ ಓಡಿದ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪ್ರೋಗ್ರಾಂ). ಗಂಟೆಗೊಮ್ಮೆಯ ಮಾಮೂಲಿ ಕೆಲಸ, ಡೆಬಿಯನ್‌ನಲ್ಲಿ ಪ್ರತಿ ಗಂಟೆ 17ನೇ ನಿಮಿಷಕ್ಕೆ ಓಡುತ್ತದೆ. ಆಮೇಲೆ ಏನೂ ಇಲ್ಲ. ಮಾತಿನ ಮಧ್ಯೆ ಫೋನ್ ಕಟ್ ಆದ ಹಾಗೆ.

ಗೆಳೆಯ “ಕರ್ನಲ್ ಪ್ಯಾನಿಕ್” ಅಂದ. ಅಂದರೆ ಲಿನಕ್ಸ್‌ನ ತಿರುಳೇ ಕೈಚೆಲ್ಲಿ ನಿಲ್ಲುವುದು. ಬದಲಾಯಿಸದೆ ಬಿಟ್ಟರೆ ಡೆಬಿಯನ್ ಪ್ಯಾನಿಕ್ ಆದಾಗ ರೀಬೂಟ್ ಆಗುವುದಿಲ್ಲ, ಹಾಗೇ ಹೆಪ್ಪುಗಟ್ಟಿ ನಿಲ್ಲುತ್ತದೆ. ನಮ್ಮದು ತಾನಾಗಿ ಎದ್ದಿತ್ತು. ಬಯಾಸ್ (ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್) ತೆರೆದು ನೋಡಿದೆ. ಕರೆಂಟ್ ಹೋಗಿ ಬಂದರೆ ತಾನೇ ಆನ್ ಆಗು ಅಂತ ಯಾವಾಗಲೋ ನಾನೇ ಸೆಟ್ ಮಾಡಿಟ್ಟಿದ್ದೆ.

ಹಾಗಾದರೆ ಯುಪಿಎಸ್ ಏನು ಮಾಡುತ್ತಿತ್ತು? ಯುಪಿಎಸ್‌ನಿಂದ ಕಂಪ್ಯೂಟರ್ ಪ್ಲಗ್ ಕಿತ್ತು, ಅದರ ಜಾಗಕ್ಕೆ ಟೇಬಲ್ ಲ್ಯಾಂಪ್ ಸಿಕ್ಕಿಸಿ, ಗೋಡೆಯ ಸ್ವಿಚ್ ಆರಿಸಿದೆ. ಯುಪಿಎಸ್ ಕುಂಯ್ ಅಂದಿತು, ಲ್ಯಾಂಪ್ ಆರಿತು. ಒಳಗಿನ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ನಾಲ್ಕು ಮಳೆಗಾಲ ನೋಡಿದ ಬ್ಯಾಟರಿ ಅದು. ಹೊಸದು ಹಾಕಿದ ಮೇಲೆ ಕರೆಂಟ್ ಬೇಕಾದಷ್ಟು ಸಲ ಹೋಗಿದೆ, ಪಟ್ಟಿಯಲ್ಲಿ ಕ್ರ್ಯಾಶ್ ಬಂದಿಲ್ಲ.

ಅಂದು ಸುಮ್ನೆ ತೆಗೆದುಹಾಕಿದ ಆ ಹಳೇ ಸಿಆರ್2032 ಈಗ ಅಡುಗೆಮನೆಯ ತೂಕದ ಯಂತ್ರದಲ್ಲಿದೆ. ಚೆನ್ನಾಗಿಯೇ ನಡೆಯುತ್ತಿದೆ.