ಮುರಕಲ್ಲ ಗೋಡೆಗೆ ಸಿಮೆಂಟ್ ಗಿಲಾವು: ಸತ್ಯಾಂಶ

‘ಹಳೆಯ ಹಂಚಿನ ಮನೆಯ ಗೋಡೆಗೆ ನೀವೇ ಸಿಮೆಂಟ್ ಗಿಲಾವು ಮಾಡಿಕೊಳ್ಳಿ, ತೇವ ಬರುವುದು ನಿಂತು ಗೋಡೆ ಗಟ್ಟಿಯಾಗುತ್ತದೆ’ ಎಂಬ ವಾಟ್ಸಾಪ್ ಸಂದೇಶ ಮಳೆಗಾಲಕ್ಕೆ ಮುನ್ನ ಉಡುಪಿಯ ಕಡೆ ಹರಿದಾಡುತ್ತದೆ. ಇದು ಸರಿಯಲ್ಲ.

ಇಲ್ಲಿನ ಇಂತಹ ಮನೆಗಳ ಗೋಡೆ ಹೆಚ್ಚಾಗಿ ಮುರಕಲ್ಲಿನದು. ಮುರಕಲ್ಲು (ಲ್ಯಾಟರೈಟ್) ರಂಧ್ರಗಳುಳ್ಳ ಕೆಂಪು ಕಲ್ಲು. ಅದು ಅಡಿಪಾಯದಿಂದ ಮೇಲಕ್ಕೆ ಹೀರಿಕೊಂಡ ನೀರು, ಬಿಸಿಲು ಬಿದ್ದಾಗ ಸುಣ್ಣದ ಗಾರೆಯ ಮೂಲಕ ಆವಿಯಾಗಿ ಹೊರಹೋಗುತ್ತದೆ. ಅದರ ಮೇಲೆ ಬಿಗಿಯಾದ ಸಿಮೆಂಟ್ ಪದರ ಬಂದರೆ ಆ ದಾರಿ ಬಹುಪಾಲು ಮುಚ್ಚಿ, ತೇವ ಗೋಡೆಯೊಳಗೇ ಉಳಿದು, ಗೋಡೆಯ ಮೇಲೆ ಕುಳಿತ ಮರದ ತೊಲೆಗಳ ತುದಿಯನ್ನೂ ಕೊಳೆಸಬಹುದು. ಇಂತಹ ಗಿಲಾವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಕೆಲವೆಡೆ ಟೊಳ್ಳು ಸದ್ದು ಬರುತ್ತದೆ. ಕಿತ್ತರೆ ಹಪ್ಪಳದಂತೆ ಎದ್ದುಬರುವ ಚಕ್ಕೆಯ ಹಿಂಬದಿಗೆ ಕಲ್ಲಿನ ಕೆಂಪು ಪುಡಿ ಅಂಟಿರುತ್ತದೆ, ಅಂದರೆ ಗಟ್ಟಿಯಾದದ್ದು ಗಿಲಾವು ಮಾತ್ರ, ಗೋಡೆಯಲ್ಲ.

ಮೊದಲು ನೋಡಬೇಕಾದದ್ದು ಮಾಡನ್ನು (ಚಾವಣಿಯನ್ನು) ಮತ್ತು ಗೋಡೆಯ ಬುಡವನ್ನು. ಒಡೆದ ಹಂಚು, ಗೋಡೆಯ ಬುಡದಲ್ಲಿ ನಿಲ್ಲುವ ಸೂರಿನ ನೀರು, ಅಂಗಳಕ್ಕೆ ಮಣ್ಣು ಏರಿಸಿದ್ದು, ತೇವದ ಮೂಲ ಹೆಚ್ಚಾಗಿ ಇವುಗಳಲ್ಲೇ ಇರುತ್ತದೆ. ಇವನ್ನು ಸರಿಪಡಿಸಿ, ಮಳೆ ಹೋದ ಮೇಲೆ ಸುಣ್ಣ ಮರಳಿನ ಗಾರೆಯನ್ನು ತೆಳುವಾಗಿ ಬಳಿದು, ಕೆಲವು ದಿನ ನೀರು ಚಿಮುಕಿಸಿ ಹಸಿಯಾಗಿಡುವುದು ಮನೆಯವರೇ ಮಾಡಬಹುದಾದ ಕೆಲಸ, ಅವಸರದವರಿಗೆ ಹೇಳಿದ್ದಲ್ಲ. ಗೋಡೆ ಹೊಟ್ಟೆಬಿಟ್ಟಿದ್ದರೆ ಅಥವಾ ತೊಲೆ ಬದಲಿಸಬೇಕಿದ್ದರೆ ಮಾತ್ರ, ಆಸರೆ ಕೊಡುವ ಮುನ್ನ ಒಂದು ಕಲ್ಲನ್ನೂ ಕೀಳದೆ, ಅನುಭವಿ ಮೇಸ್ತ್ರಿಯನ್ನೋ ಎಂಜಿನಿಯರನ್ನೋ ಕರೆಸಬೇಕು.