ಗೋಣಿ ಮೇಲಿನ ಬಾಣಂತಿ

ಪೆರ್ಲದ ಹತ್ತಿರ ನಮ್ಮ ಮನೆ. ಈ ಸಲ ಅಡಿಕೆ ಯಾವಾಗ ಮಾರಬೇಕು ಅಂತ ತೀರ್ಮಾನಿಸಿದ್ದು ಅತ್ತೆಯ ಹೇಂಟೆ. ಸೌದೆ ಕೊಟ್ಟಿಗೆಯಲ್ಲಿ ಕುಕ್ಕೆ ಇಟ್ಟು, ಬೈಹುಲ್ಲು ಹಾಸಿ ಕೊಟ್ಟರೂ ಅದಕ್ಕೆ ಒಪ್ಪಿಗೆಯಾಗಲಿಲ್ಲ. ಚಾಲಿ (ಒಣಗಿಸಿ ಸುಲಿದ ಅಡಿಕೆ) ತುಂಬಿದ ಗೋಣಿಗಳ ಮೇಲೇ ಮೊಟ್ಟೆ, ಅಲ್ಲೇ ಕಾವು.

ಆಗಲೇ ರೇಟು ಏರಬೇಕೇ!

"ಅಮ್ಮಾ, ಗೋಣಿ ತೆಗೀಲಾ?" ಯಜಮಾನರು ಕೇಳಿದರು.

"21 ದಿನ ಕಳೀಲಿ ಮಾರಾಯಾ. ಕೂತವಳನ್ನು ಎಬ್ಬಿಸ್ತಾರಾ?"

ದಿನಕ್ಕೊಮ್ಮೆ ತಿನ್ನಲು ಇಳಿಯುತ್ತಿತ್ತು. ಆ ಹೊತ್ತಿಗೆ ಕೆಳಗಿನ ಗೋಣಿ ಎಳೆಯೋಣ ಅಂದರೆ, ನಾಲ್ಕು ಕಾಳು ನುಂಗಿ ನೀರು ಕುಡಿದು ವಾಪಸ್. ಕೂತಲ್ಲೇ ಕೊಕ್ಕಿನಿಂದ ಮೊಟ್ಟೆ ಮಗುಚುವ ಕೆಲಸ. ಕೊನೆಗೆ ಮೊಟ್ಟೆ ಒಡೆಯುವ ಮೊದಲೇ ಒಳಗಿಂದ ಚಿಂವ್ ಚಿಂವ್, ಹೊರಗಿಂದ ಇದರ ಮೆಲ್ಲಗಿನ ಉತ್ತರ.

ಮರಿಗಳು ಬಂದವು. ಆದರೂ ಇಳಿಯಲಿಲ್ಲ. ಇನ್ನೂ ಕೆಲವು ಮೊಟ್ಟೆ ಬಾಕಿ ಇತ್ತಲ್ಲ! ಮೊದಲು ಬಂದ ಮರಿಗಳಿಗೇನೂ ಅವಸರ ಇಲ್ಲ. ಮೊಟ್ಟೆಯ ಹಳದಿ ಹೊಟ್ಟೆಯೊಳಗೇ ಇರುತ್ತದೆ, ಒಂದೆರಡು ದಿನಕ್ಕೆ ಧಾರಾಳ ಸಾಕು. ಅವಸರ ಇದ್ದದ್ದು ಯಜಮಾನರಿಗೆ ಮಾತ್ರ. ಹೇಂಟೆ ಇಳಿದ ದಿನ ರೇಟೂ ಇಳಿದಿತ್ತು.

ಆಮೇಲೆ ಅಂಗಳ ಅದರದ್ದು. ಹರವಿದ ಅಡಿಕೆಯನ್ನೆಲ್ಲ ಕೆದಕುತ್ತದೆ. ಹುಳ ಸಿಕ್ಕಿದರೆ ತಾನು ತಿನ್ನದೆ ಎತ್ತಿ ಕೆಳಗೆ ಹಾಕಿ, ಕೊಕ್ ಕೊಕ್ ಅಂತ ಮರಿಗಳನ್ನು ಕರೆಯುತ್ತದೆ. ಎಲ್ಲವೂ ಓಡಿ ಬರುತ್ತವೆ. (ನನ್ನ ಮಗ ಒಂದೇ ಕರೆಗೆ ಊಟಕ್ಕೆ ಬಂದ ದಾಖಲೆ ಇಲ್ಲ.) ನಾಯಿ ಬಂದರೆ ಒಂದು ಕೂಗು, ಗಿಡುಗ ಬಂದರೆ ಬೇರೆಯೇ ಕೂಗು.

ಪಕ್ಕದ ಮನೆಯ ಮದುವೆಗೆ ಡ್ರೋನ್ ಬಂತು. ಹೇಂಟೆಗೆ ಡ್ರೋನೂ ಒಂದೇ, ಗಿಡುಗವೂ ಒಂದೇ. ಕೂಗು ಹಾಕಿದ್ದೇ ತಡ, ಮರಿಗಳು ಸಿಕ್ಕಸಿಕ್ಕಲ್ಲಿ ನುಗ್ಗಿದವು. ಜಗಲಿ ಪಕ್ಕ ಕುರ್ಚಿ ಹಾಕಿ ಪೇಪರ್ ಓದುತ್ತಿದ್ದ ಯಜಮಾನರ ಮುಂಡಿನೊಳಗೂ ಎರಡು ಹೋದವು. ಇವರು ಹೌಹಾರಿ ಎದ್ದರು. ಮರಿ ಕಿರುಚಿತು. ಹೇಂಟೆ ಪುಕ್ಕ ಕೆದರಿ ಇವರ ಮೇಲೇ ಹಾರಿತು.

"ಓಡ್ಬೇಡ ಮಗಾ, ಮರಿ ತುಳೀತಿ!" ಅತ್ತೆಗೆ ಮಗನಿಗಿಂತ ಮರಿಯ ಚಿಂತೆ.

ಮದುವೆಯ ವಿಡಿಯೊ ಈಗ ಊರವರ ಮೊಬೈಲುಗಳಲ್ಲಿದೆ. ಮೇಲಿಂದ ತೆಂಗಿನ ತೋಟ, ಚಪ್ಪರ, ಮದುಮಗಳ ಕಾರು. ನಡುವೆ ಮುಂಡು ಎತ್ತಿ ಹಿಡಿದು ಓಡುವ ನಮ್ಮ ಯಜಮಾನರು, ಹಾಡಿನ ತಾಳಕ್ಕೆ ಸರಿಯಾಗಿ.