ಟೀಚರ್ ಎಷ್ಟನೇ ಗ್ರೇಡ್ ಅಂತ ಕೇಳುವವರಿಗೆ

ಪಿಯಾನೋ ಹೇಳಿಕೊಡ್ತೀನಿ ಅಂತ ಗೊತ್ತಾದ ಕೂಡಲೇ ಫೋನಿನಲ್ಲಿ ಬರುವ ಮೊದಲ ಪ್ರಶ್ನೆ, ‘ಮೇಡಂ, ನಿಮ್ಮದು ಎಷ್ಟನೇ ಗ್ರೇಡ್ ಆಗಿದೆ?’ ಎರಡನೆಯದು, ‘ಟ್ರಿನಿಟಿನಾ, ಎಬಿಆರ್‌ಎಸ್‌ಎಮ್ಮಾ?’ (ಎರಡೂ ಎಂಟನೇ ಗ್ರೇಡಿನವರೆಗೆ ಸಂಗೀತ ಪರೀಕ್ಷೆ ನಡೆಸುವ ಲಂಡನ್ನಿನ ಸಂಸ್ಥೆಗಳು.) ಮೂರನೆಯದು ಫೀಸು. ಮಕ್ಕಳಿಗೆ ಹೇಗೆ ಕಲಿಸ್ತೀರಿ ಅಂತ ಕೇಳುವವರು ತೀರಾ ಅಪರೂಪ.

ಇದಕ್ಕೆ ಅಪ್ಪ ಅಮ್ಮಂದಿರನ್ನು ದೂರುವ ಮನಸ್ಸು ನನಗಿಲ್ಲ. ಮಗುವನ್ನು ಕರ್ನಾಟಕ ಸಂಗೀತಕ್ಕೆ ಹಾಕಿದರೆ ಮನೆಯಲ್ಲಿ ಕಿವಿ ಇರುವವರು ಒಬ್ಬರಾದರೂ ಇರುತ್ತಾರೆ. ಶ್ರುತಿ ಜಾರಿದರೆ ಅಜ್ಜಿ ಅಡುಗೆಮನೆಯಿಂದಲೇ ‘ಏನೇ ಅದು?’ ಅಂತಾರೆ. ಗುರುಗಳು ಯಾರ ಶಿಷ್ಯರು ಅಂತ ವಿಚಾರಿಸಿದರೆ ಇನ್ನರ್ಧ ತಿಳಿಯುತ್ತೆ. ಪಿಯಾನೋದಲ್ಲಿ ಈ ಎರಡೂ ಇಲ್ಲ. ಶ್ರುತಿ ವಾದ್ಯದೊಳಗೇ ಕೂತಿದೆ, ಯಾರು ಒತ್ತಿದರೂ ಸ್ವರ ನೆಟ್ಟಗೇ ಬರುತ್ತೆ. ಟೀಚರ್ ತಾವು ಕಲಿತದ್ದು ಇಂಥವರ ಹತ್ತಿರ ಅಂದರೂ ಆ ಹೆಸರು ನಮ್ಮ ಮನೆಗಳಲ್ಲಿ ಯಾರಿಗೂ ಗೊತ್ತಿರಲ್ಲ. ಹಾಗಾಗಿ ಆ ಅಜ್ಜಿಯ ಕೆಲಸವನ್ನು ಲಂಡನ್ನಿನಿಂದ ಬಂದ ಸರ್ಟಿಫಿಕೇಟ್ ಮಾಡಬೇಕಾಗಿದೆ. ಆ ಕೆಲಸ ಅದರ ಕೈಲಿ ಎಷ್ಟು ಆಗುತ್ತೆ ಅನ್ನೋದೇ ನನ್ನ ತಕರಾರು.

ಹಾಗಂತ ಪರೀಕ್ಷೆಯೇ ಬೇಡ ಅನ್ನುವವರ ಸಾಲಿನಲ್ಲಿ ನನ್ನನ್ನು ಸೇರಿಸಬೇಡಿ. ಟ್ರಿನಿಟಿ ಶುರುವಾದದ್ದು 1872ರಲ್ಲಿ, ಎಬಿಆರ್‌ಎಸ್‌ಎಂ 1889ರಲ್ಲಿ. ಇಷ್ಟು ಕಾಲ ಸುಮ್ನೆ ಉಳಿದಿಲ್ಲ. ಕಲಿಸಿದವರೇ ಮಾರ್ಕ್ಸ್ ಹಾಕುವ ಹಾಗಿಲ್ಲ, ಮಗುವಿನ ಮುಖ ನೋಡಿರದ ಇನ್ಯಾರೋ ಬಂದು ಕೇಳ್ತಾರೆ. ಇದೊಂದೇ ಸಾಕು ಅದಕ್ಕೆ ಬೆಲೆ ಕೊಡೋಕೆ. ಮಂಗಳೂರಿನ ಹುಡುಗಿಗೂ ಲಂಡನ್ನಿನ ಹುಡುಗಿಗೂ ಒಂದೇ ಸಿಲಬಸ್. ಆರು, ಏಳು, ಎಂಟನೇ ಗ್ರೇಡಿಗೆ ಬ್ರಿಟನ್ನಿನ ಕಾಲೇಜು ಪ್ರವೇಶದಲ್ಲಿ ಪಾಯಿಂಟ್ ಕೂಡ ಸಿಗುತ್ತೆ. (ನಮ್ಮಲ್ಲಿ ಎಷ್ಟೋ ಮನೆಗಳಿಗೆ ಪಿಯಾನೋ ಬಂದಿರೋದೇ ಈ ಪಾಯಿಂಟಿನ ಬೆನ್ನು ಹತ್ತಿ. ಇರಲಿ, ಹೇಗೋ ಬಂತಲ್ಲ.)

ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್ ಲಂಡನ್ನಿನ ಗಿಲ್ಡ್‌ಹಾಲ್ ಸ್ಕೂಲ್ ಆಫ್ ಮ್ಯೂಸಿಕ್‌ನ ಲೈಸೆನ್ಷಿಯೇಟ್ (ಎಲ್‌ಜಿಎಸ್‌ಎಂ ಅನ್ನೋ ಡಿಪ್ಲೊಮಾ) ಆಗಿದ್ದರು. ಗಂಭೀರವಾಗಿ ಪಿಯಾನೋ ಕಲಿತವರು, ಟ್ರಿನಿಟಿಯ ಗೌರವ ಫೆಲೋ ಕೂಡ. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದವರೂ ಅವರೇ. ಮಹಾರಾಜರಿಗೆ ಹೆಸರಿನ ಮುಂದೆ ಇನ್ನೂ ನಾಲ್ಕು ಅಕ್ಷರ ಬೇಕಿತ್ತಾ? ಬೇಕಿರಲಿಲ್ಲ. ಕಲಿತದ್ದನ್ನು ಒರೆಗೆ ಹಚ್ಚಿ ನೋಡುವ ಆಸೆ ಇದ್ದವರಿಗೆ ಪರೀಕ್ಷೆ ಚೆನ್ನಾಗೇ ಒದಗುತ್ತೆ.

ಇನ್ನು ತಕರಾರಿನ ವಿಷಯ. ಎಬಿಆರ್‌ಎಸ್‌ಎಂ ಪ್ರಾಕ್ಟಿಕಲ್ ಪರೀಕ್ಷೆ 150 ಅಂಕದ್ದು. ಮೂರು ಪೀಸ್‌ಗಳಿಗೆ (ಕಲಿತು ತಂದ ರಚನೆಗಳಿಗೆ) ತಲಾ 30, ಸ್ಕೇಲ್‌ಗಳಿಗೆ (ಸ್ವರಗಳ ಆರೋಹಣ ಅವರೋಹಣಕ್ಕೆ) 21, ಸೈಟ್ ರೀಡಿಂಗಿಗೆ (ನೋಡಿರದ ನೊಟೇಶನ್ ಅಲ್ಲೇ ಓದಿ ನುಡಿಸೋದಕ್ಕೆ) 21, ಆರಲ್ ಟೆಸ್ಟಿಗೆ (ಕಿವಿಯ ಪರೀಕ್ಷೆಗೆ) 18. 100 ಬಂದರೆ ಪಾಸ್, 120ಕ್ಕೆ ಮೆರಿಟ್, 130ಕ್ಕೆ ಡಿಸ್ಟಿಂಕ್ಷನ್. ಒಂದೊಂದು ಭಾಗದಲ್ಲೂ ಪಾಸಾಗಲೇಬೇಕು ಅಂತೇನಿಲ್ಲ, ಒಟ್ಟು ಬಂದರೆ ಆಯ್ತು. ಸುಮ್ನೆ ಕೂಡಿಸಿ ನೋಡಿ. ವರ್ಷವಿಡೀ ತಿಕ್ಕಿದ ಮೂರು ಪೀಸ್‌ಗಳಿಗೆ 28ರಂತೆ 84. ಸ್ಕೇಲ್ 18, ಆರಲ್ 15. ಹೊಸ ನೊಟೇಶನ್ ಮುಂದಿಟ್ಟಾಗ ತಡಬಡಾಯಿಸಿದ್ದಕ್ಕೆ 10, ಅಂದರೆ ಆ ಭಾಗದಲ್ಲಿ ಫೇಲು. ಒಟ್ಟು 127. ಮೆರಿಟ್!

ನನ್ನ ಹತ್ತಿರ ಐದನೇ ಗ್ರೇಡಿನಲ್ಲಿ ಮೆರಿಟ್ ಬಂದ ಹುಡುಗನೊಬ್ಬ ಬಂದಿದ್ದ. ಬೇರೆ ಕಡೆ ಕಲಿತವನು. ಪರೀಕ್ಷೆಯ ಪೀಸ್ ನುಡಿಸು ಅಂದೆ. ಚೆನ್ನಾಗಿತ್ತು, ಎಲ್ಲಿ ಜೋರು ಎಲ್ಲಿ ಮೆಲ್ಲಗೆ ಅನ್ನೋದೂ ಸೇರಿ. ಆಮೇಲೆ ಮೊದಲನೇ ಗ್ರೇಡಿನ ಪುಸ್ತಕ ತೆಗೆದು ಅವನು ನೋಡಿರದ, ಎಂಟು ಬಾರ್ (ಆವರ್ತ) ಉದ್ದದ ಒಂದು ಸಣ್ಣ ಪೀಸ್ ಇಟ್ಟೆ. ಹುಡುಗ ಪುಸ್ತಕ ನೋಡಲಿಲ್ಲ, ನನ್ನ ಕೈ ನೋಡಿದ. ‘ಮಿಸ್, ನೀವು ಒಂದ್ಸಲ ನುಡಿಸಿ ತೋರಿಸಿ, ಆಮೇಲೆ ನುಡಿಸ್ತೀನಿ’ ಅಂದ. ಬಲಗೈ ಸ್ವರಗಳನ್ನು ಗೆರೆ ಎಣಿಸುತ್ತಾ ಒಂದೊಂದಾಗಿ ಹುಡುಕಿದ. ಎಡಗೈ ತೊಡೆ ಮೇಲಿಂದ ಏಳಲೇ ಇಲ್ಲ. ಹುಡುಗ ದಡ್ಡ ಅಲ್ಲ, ನೆನಪು ಅಂದ್ರೆ ಅಂಥಾ ನೆನಪು ಅವನದು. ಅವನಿಗೆ ಯಾರೂ ಓದೋಕೆ ಕಲಿಸಿರಲಿಲ್ಲ, ಅಷ್ಟೇ. ವರ್ಷಕ್ಕೆ ಮೂರೇ ಪೀಸ್. ಟೀಚರ್ ನುಡಿಸಿ ತೋರಿಸೋದು, ಇವನು ನೋಡಿಕೊಂಡು ಬಾಯಿಪಾಠ ಮಾಡೋದು. ಮುಂದಿನ ವರ್ಷ ಮುಂದಿನ ಗ್ರೇಡ್, ಇನ್ನು ಮೂರು ಪೀಸ್.

2020ರಿಂದ ಎಬಿಆರ್‌ಎಸ್‌ಎಂನಲ್ಲಿ ಪರ್ಫಾರ್ಮೆನ್ಸ್ ಗ್ರೇಡ್ ಅಂತ ಇನ್ನೊಂದು ದಾರಿಯೂ ಇದೆ. ನಾಲ್ಕು ಪೀಸ್ ನುಡಿಸಿ ವಿಡಿಯೋ ಮಾಡಿ ಕಳಿಸಿದರೆ ಆಯ್ತು. ಸ್ಕೇಲ್ ಇಲ್ಲ, ಸೈಟ್ ರೀಡಿಂಗ್ ಇಲ್ಲ, ಆರಲ್ ಇಲ್ಲ. ವೇದಿಕೆಯಲ್ಲಿ ನುಡಿಸುವ ಹದ ಅದರಲ್ಲಿ ತಿಳಿಯುತ್ತೆ, ಅದನ್ನು ಕಡೆಗಣಿಸಲ್ಲ. ಆದರೆ ಅದು ಕೂಡ ಅದೇ ಗ್ರೇಡು. ‘ಎಷ್ಟನೇ ಗ್ರೇಡ್’ ಅಂತ ಕೇಳಿ ತೃಪ್ತರಾಗುವವರಿಗೆ ವ್ಯತ್ಯಾಸವೇ ಕಾಣಿಸಲ್ಲ.

ಟೀಚರ್ ವಿಷಯಕ್ಕೆ ಬಂದರೆ ಇನ್ನೂ ಗೋಜಲು. ಎಂಟನೇ ಗ್ರೇಡ್ ಆದವರು ಮಕ್ಕಳಿಗೆ ಕಲಿಸಬಹುದು ಅನ್ನೋದು ನಮ್ಮೂರಿನ ಅಲಿಖಿತ ಕಾನೂನು. ಐದನೇ ಗ್ರೇಡ್ ಆದವರೂ ಮನೆ ಮುಂದೆ ಬೋರ್ಡ್ ಹಾಕಿದ್ದು ನೋಡಿದ್ದೇನೆ. ಎಂಟನೇ ಗ್ರೇಡ್ ಪರೀಕ್ಷೆಯಲ್ಲಿ ಕಲಿಸುವುದರ ಬಗ್ಗೆ ಒಂದೇ ಒಂದು ಪ್ರಶ್ನೆ ಇಲ್ಲ. ಏಳು ವರ್ಷದ ಮಗು ಸಿ ಮೇಜರ್ ಸ್ಕೇಲ್ ಏರುತ್ತಾ ಮೂರನೇ ಬೆರಳಿನ ಕೆಳಗೆ ಹೆಬ್ಬೆರಳು ತರುವಾಗ ಮೊಣಕೈಯನ್ನೇ ರೆಕ್ಕೆ ಥರ ಹೊರಗೆ ಎತ್ತುತ್ತೆ. ಹೀಗೆ ಮಾಡಬೇಡ ಅಂತ ಹತ್ತು ಸಲ ಹೇಳಿದರೆ ಭುಜವೂ ಬಿಗಿಯಾಗುತ್ತೆ. ಹೆಬ್ಬೆರಳು ಕೊನೇ ಗಳಿಗೆಯಲ್ಲಿ ಓಡೋದು ಬೇಡ, ಎರಡನೇ ಬೆರಳು ನುಡಿಸುವಾಗಲೇ ಅದು ಒಳಗೆ ಹೊರಟಿರಬೇಕು ಅಂತ ಆ ಮಗುವಿನ ಕೈ ಹಿಡಿದು ತೋರಿಸಬೇಕು. ಇದು ತಾನು ಚೆನ್ನಾಗಿ ನುಡಿಸೋದ್ರಿಂದ ಮಾತ್ರ ಬರುವ ವಿದ್ಯೆ ಅಲ್ಲ. ಇದಕ್ಕೆಂದೇ ಎರಡೂ ಸಂಸ್ಥೆಗಳು ಬೋಧನೆಯ ಡಿಪ್ಲೊಮಾ ಬೇರೆಯಾಗಿ ಇಟ್ಟಿವೆ. ನಮ್ಮಲ್ಲಿ ಅದರ ಹೆಸರು ಹಿಡಿದು ಕೇಳುವ ಪೋಷಕರನ್ನು ನಾನಂತೂ ಕಂಡಿಲ್ಲ. ಎಲ್‌ಟಿಸಿಎಲ್ (ಟ್ರಿನಿಟಿಯ ಒಂದು ಡಿಪ್ಲೊಮಾ) ಅಂದರೆ ಸಾಕು, ತಲೆಯಾಡಿಸ್ತಾರೆ. ಅದು ನುಡಿಸಿದ್ದಕ್ಕೆ ಬಂದದ್ದೋ ಕಲಿಸುವುದಕ್ಕೆ ಬಂದದ್ದೋ ಅಂತ ಯಾರೂ ಕೇಳಲ್ಲ.

ಇನ್ನೊಂದು ಕಡೆ, ಬೆಂಗಳೂರಿನ ಫ್ರೇಜರ್ ಟೌನ್, ಕಾಕ್ಸ್ ಟೌನ್ ಕಡೆಯ ಹಳೇ ಚರ್ಚ್ ಆರ್ಗನಿಸ್ಟ್‌ಗಳು. ಎಷ್ಟೋ ಜನರ ಹತ್ತಿರ ಗೋಡೆಗೆ ಹಾಕೋಕೆ ಏನೂ ಇಲ್ಲ. ಆದರೆ ನಾಲ್ಕು ದನಿಯಲ್ಲಿ ಬರೆದ ಹಾಡನ್ನು ಭಾನುವಾರ ಬೆಳಿಗ್ಗೆ ಮುಂದಿಟ್ಟರೆ ಅಲ್ಲೇ ನುಡಿಸ್ತಾರೆ. ಸ್ಥಾಯಿ ಮೇಲಾಯ್ತು, ಜನಕ್ಕೆ ಹಾಡೋಕಾಗ್ತಿಲ್ಲ ಅಂದರೆ ಒಂದು ಸ್ವರ ಇಳಿಸಿ ನುಡಿಸ್ತಾರೆ. ಇಂಥವರ ಹತ್ತಿರ ಮಗುವನ್ನು ಕಳಿಸಿ ಅಂತ ಒಬ್ಬರಿಗೆ ಹೇಳಿದ್ದಕ್ಕೆ ‘ಅವರ ಹತ್ರ ಸರ್ಟಿಫಿಕೇಟ್ ಇಲ್ವಂತೆ ಮೇಡಂ’ ಅಂದರು. ನನಗೆ ನಿಜಕ್ಕೂ ಹೊಟ್ಟೆ ಉರೀತು.

ಈ ಮಾತಿಗೆ ಕೆಲವರು ತಕ್ಷಣ ಸೋವಿಯತ್ ಕಾಲದ ದೊಡ್ಡ ಪಿಯಾನೋ ವಾದಕ ರಿಕ್ಟರ್ ಹೆಸರು ತರ್ತಾರೆ. ಸ್ವ್ಯಾಟೊಸ್ಲಾವ್ ರಿಕ್ಟರ್ ಬಹುಪಾಲು ತಾನೇ ಕಲಿತವನು, ಅವನಿಗೆಲ್ಲಿತ್ತು ಡಿಗ್ರಿ ಅಂತ. ಅರ್ಧ ಕಥೆ ಇದು. ಅವನು ಒಡೆಸ್ಸಾದ ಒಪೆರಾದಲ್ಲಿ ರಿಹರ್ಸಲ್‌ಗಳಿಗೆ ಪಿಯಾನೋ ನುಡಿಸ್ತಿದ್ದ. ಅಂದರೆ ಸದಾ ಹೊಸ ಹೊಸ ನೊಟೇಶನ್ ಓದುವುದೇ ಉದ್ಯೋಗ. ಆಮೇಲೆ 1937ರಲ್ಲಿ ತಾನಾಗಿ ಮಾಸ್ಕೋಗೆ ಹೋಗಿ ಅಲ್ಲಿನ ಸಂಗೀತ ಕಾಲೇಜಿನಲ್ಲಿ ಹೆಸರಾಂತ ಪಿಯಾನೋ ಗುರು ಹೈನ್ರಿಕ್ ನಾಯ್‌ಹೌಸ್ ಹತ್ತಿರ ಸೇರಿದ. ರಾಜಕೀಯದ ಪಾಠಗಳಿಗೆ ಕೂರಲ್ಲ ಅಂತ ಹಟ ಮಾಡಿ ಹೊರಬಿದ್ದು, ಮತ್ತೆ ಸೇರಿ, ಕೊನೆಗೆ 1947ರಲ್ಲಿ ಡಿಪ್ಲೊಮಾವನ್ನೂ ಪಡೆದ. ಡಿಗ್ರಿ ಬೇಡ ಅನ್ನೋಕೆ ಅವನನ್ನು ಎಳೆದು ತರೋದು ಸರಿಯಲ್ಲ. ನಮ್ಮ ಆರ್ಗನಿಸ್ಟ್‌ಗಳು ಕಲಿತ ದಾರಿಗೂ ಅವನು ಒಡೆಸ್ಸಾದಲ್ಲಿ ಕಲಿತ ದಾರಿಗೂ ನೆಂಟಸ್ತಿಕೆ ಇದೆ, ಅದನ್ನು ಬೇಕಾದರೆ ಹೇಳಿ.

ಹಾಗಾದರೆ ಏನು ಕೇಳಬೇಕು ಮೇಡಂ ಅಂತ ಇನ್‌ಬಾಕ್ಸಿಗೆ ಬರುವ ಮೊದಲೇ ಹೇಳಿಬಿಡ್ತೀನಿ. ಸರ್ಟಿಫಿಕೇಟ್ ನೋಡಿ, ತಪ್ಪಿಲ್ಲ. ಅದರ ಜೊತೆ ಟೀಚರ್ ಹತ್ತಿರ ಈಗ ಕಲಿಯುತ್ತಿರುವ ಮಕ್ಕಳ ಮಾರ್ಕ್ಸ್ ಶೀಟ್ ಒಂದೆರಡು ನೋಡೋಕೆ ಸಿಗುತ್ತಾ ಕೇಳಿ, ಹೆಸರು ಮುಚ್ಚಿ ತೋರಿಸಲಿ. ಒಂದೊಂದು ಭಾಗಕ್ಕೂ ಅಂಕ ಎಷ್ಟು, ಪರೀಕ್ಷಕರು ಏನು ಬರೆದಿದ್ದಾರೆ ಅನ್ನೋದು ಅದರಲ್ಲಿರುತ್ತೆ. ಪೀಸ್‌ಗಳಲ್ಲಿ 27, 28 ಇದ್ದು ಎಲ್ಲರ ಸೈಟ್ ರೀಡಿಂಗೂ ಹತ್ತರ ಆಸುಪಾಸಿನಲ್ಲಿದ್ದರೆ ಆ ಕ್ಲಾಸಿನಲ್ಲಿ ಏನು ನಡೀತಿದೆ ಅಂತ ಗೊತ್ತಾಗುತ್ತೆ. ವರ್ಷಕ್ಕೆ ಎಷ್ಟು ಪೀಸ್ ಕಲಿಸ್ತೀರಿ ಅಂತ ಕೇಳಿ. ಮೂರೇ ಅಂದರೆ ಬೇರೆ ಕಡೆ ನೋಡಿ. ಸಾಧ್ಯವಾದರೆ ಒಂದು ಪಾಠಕ್ಕೆ ಮೂಲೆಯಲ್ಲಿ ಕೂತು ಟೀಚರ್ ಮಾತು ಎಷ್ಟು, ಮಗು ನುಡಿಸೋದು ಎಷ್ಟು ಅಂತ ಗಮನಿಸಿ. ಸಂಗೀತ ಗೊತ್ತಿಲ್ಲದವರಿಗೂ ಇದು ಕಾಣುತ್ತೆ.

ಕಲಿಸೋಕೆ ಹೊರಟಿರುವ ಹುಡುಗ ಹುಡುಗಿಯರು ನನ್ನನ್ನು ಕೇಳೋದು, ಡಿಪ್ಲೊಮಾಗೆ ಇಷ್ಟು ದುಡ್ಡು ಸುರಿಯಬೇಕಾ ಅಕ್ಕ ಅಂತ. ಕೈಲಿ ಆಗೋದಾದ್ರೆ ಖಂಡಿತ ಮಾಡಿ, ಬೋಧನೆಯದ್ದೇ ಮಾಡಿ. ದುಡ್ಡು ಹೊಂದಿಸೋಕೆ ಟೈಮ್ ಬೇಕು ಅಂದ್ರೆ, ಅಷ್ಟರೊಳಗೆ ವಾರಕ್ಕೊಂದು ಸಲ ಯಾರಾದರೂ ಒಳ್ಳೇ ಟೀಚರ್ ಪಾಠ ಮಾಡುವಾಗ ಪಕ್ಕದಲ್ಲಿ ಕೂತು ನೋಡೋಕೆ ಒಪ್ಪಿಸಿಕೊಳ್ಳಿ. ನನ್ನ ಕ್ಲಾಸಿಗೆ ಬರೋದಾದ್ರೆ ಶನಿವಾರ ಬೆಳಿಗ್ಗೆ ಬನ್ನಿ, ಆವತ್ತು ಚಿಕ್ಕ ಮಕ್ಕಳು ಜಾಸ್ತಿ. ಮೊಬೈಲ್ ಮಾತ್ರ ಸೈಲೆಂಟ್‌ನಲ್ಲಿರಲಿ.